ಒಂದೇ ತೂಕ, ಬೇರೆ ದೇಹ: ಡಯಾಲಿಸಿಸ್ ರೋಗಿಯೊಬ್ಬರ ಡ್ರೈ ವೇಟ್ ಪ್ರಕರಣ

ಹಿನ್ನೆಲೆ

ಮೇಷ್ಟರ ಚಾರ್ಟಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘ಡ್ರೈ ವೇಟ್ 64.0’ ಎಂದು ಬರೆದು ಸುತ್ತ ಒಂದು ಗೆರೆ ಎಳೆದಿತ್ತು. ಬರೆದವನು ನಾನೇ. ಬರೆದ ದಿನ ಆ ಅಂಕಿ ಸರಿಯಾಗಿಯೇ ಇತ್ತು. ಯಾವ ದಿನ ಬರೆದೆ ಎಂಬುದನ್ನು ಮಾತ್ರ ಪಕ್ಕದಲ್ಲಿ ನಮೂದಿಸಿರಲಿಲ್ಲ.

‘ಮೇಷ್ಟರು’ ಎಂಬುದು ಈ ಬರಹಕ್ಕಾಗಿ ಇಟ್ಟ ಹೆಸರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ಅರವತ್ತರ ಆಸುಪಾಸು, ಹಳೆಯ ಸಕ್ಕರೆ ಕಾಯಿಲೆ, ಅದರಿಂದಲೇ ಕೆಟ್ಟ ಮೂತ್ರಪಿಂಡ, ಮೂರು ವರ್ಷದಿಂದ ವಾರಕ್ಕೆ ಮೂರು ಬಾರಿ ನಾಲ್ಕು ಗಂಟೆಯ ಹೀಮೋಡಯಾಲಿಸಿಸ್. ಎಡಗೈಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ರಕ್ತನಾಳ. ಮೂತ್ರ ಬಹುತೇಕ ನಿಂತೇಹೋಗಿತ್ತು. ಎರಡು ಡಯಾಲಿಸಿಸ್‌ಗಳ ನಡುವೆ ಎರಡು ಕೆಜಿಗಿಂತ ಸ್ವಲ್ಪ ಹೆಚ್ಚು ಏರುತ್ತಿದ್ದರು, 64ಕ್ಕೆ ಇಳಿದು ಮನೆಗೆ ಹೋಗುತ್ತಿದ್ದರು. ಒಂದೇ ಬಿ.ಪಿ. ಮಾತ್ರೆ, ರಕ್ತದೊತ್ತಡ 140/80ರ ಸುತ್ತಮುತ್ತ. ಘಟಕದಲ್ಲಿ ಯಾರಿಗೂ ತಲೆನೋವು ಕೊಡದ ರೋಗಿ. ಇಂಥವರನ್ನೇ ನಾವು ಸರಿಯಾಗಿ ನೋಡುವುದಿಲ್ಲ ಎನ್ನುವುದು ಬೇರೆ ಮಾತು.

ಡ್ರೈ ವೇಟ್ ಎಂದರೆ ಹೆಚ್ಚುವರಿ ನೀರು ಉಳಿಯದ, ಹಾಗೆಂದು ನೀರು ಸಾಲದೆ ತಲೆಸುತ್ತೂ ಬಾರದ ತೂಕ. ಆದರೆ ತಕ್ಕಡಿಗೆ ಗೊತ್ತಿರುವುದು ಮೊತ್ತ ಮಾತ್ರ. ಮಾಂಸಖಂಡ, ಕೊಬ್ಬು, ಮೂಳೆ, ನೀರು ಎಲ್ಲವನ್ನೂ ಕೂಡಿಸಿ ಒಂದು ಅಂಕಿ ಹೇಳುತ್ತದೆ. ಎರಡು ಕೆಜಿ ಮಾಂಸ ಹೋಗಿ ಆ ಜಾಗಕ್ಕೆ ಎರಡು ಲೀಟರ್ ನೀರು ಬಂದರೆ ಅದಕ್ಕೆ ಏನೂ ಆಗಿಲ್ಲ.

ಸಮಸ್ಯೆ

ಮೇಷ್ಟರಿಗೆ ನ್ಯುಮೋನಿಯಾ ಆಯಿತು. ಬೇರೊಂದು ಆಸ್ಪತ್ರೆಯಲ್ಲಿ 19 ದಿನ ಇದ್ದರು. ಡಯಾಲಿಸಿಸ್ ಅಲ್ಲಿಯೇ ನಡೆಯಿತು. ಊಟ ಸೇರುತ್ತಿರಲಿಲ್ಲ, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮರಳಿ ನಮ್ಮಲ್ಲಿಗೆ ಬಂದ ದಿನ ತೂಕ 66.5. ಚಾರ್ಟ್ ತೆರೆದೆವು, ಕೆಂಪು ಅಂಕಿ ನೋಡಿದೆವು, ಎರಡೂವರೆ ಲೀಟರ್ ತೆಗೆಯಲು ಯಂತ್ರ ಹೊಂದಿಸಿದೆವು. ಹೀಗೆ ಮಾಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮುಂದಿನ ಆರು ವಾರದ ಚಾರ್ಟನ್ನು ಈಗ ಒಟ್ಟಿಗೆ ಓದಿದರೆ ಎಲ್ಲವೂ ಸ್ಪಷ್ಟ. ಆಗ ದಿನಕ್ಕೊಂದು ಪುಟದಂತೆ ಓದುತ್ತಿದ್ದೆವು. ಡಯಾಲಿಸಿಸ್‌ಗೆ ಮುನ್ನ ರಕ್ತದೊತ್ತಡ 170 ದಾಟತೊಡಗಿತು. ಎರಡನೆಯ ಮಾತ್ರೆ ಸೇರಿಸಿದೆ, ಆಮೇಲೆ ಮೂರನೆಯದು. ಚಪ್ಪಟೆ ಮಲಗಿದರೆ ಉಸಿರು ಕಟ್ಟಿ ರಾತ್ರಿ ಎರಡು ದಿಂಬು ಬೇಕಾಗುತ್ತಿದೆ ಎಂದು ಅವರ ಹೆಂಡತಿ ಹೇಳಿದ್ದನ್ನು ಒಬ್ಬ ನರ್ಸ್ ಬರೆದಿಟ್ಟಿದ್ದರು. ನ್ಯುಮೋನಿಯಾ ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದುಕೊಂಡೆವು.

ಇನ್ನೊಂದು ಕಡೆ, ಮೂರನೆಯ ಗಂಟೆ ದಾಟುತ್ತಿದ್ದಂತೆ ರಕ್ತದೊತ್ತಡ ದಿಢೀರನೆ 100ಕ್ಕೆ ಬೀಳುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಸಲೈನ್ ಕೊಟ್ಟು ನೀರು ತೆಗೆಯುವುದನ್ನು ನಿಲ್ಲಿಸುತ್ತಿದ್ದರು. ಚಾರ್ಟಿನಲ್ಲಿ ಮತ್ತೆ ಮತ್ತೆ ಒಂದೇ ಸಾಲು: ‘ಸೆಳೆತ, ಬಿ.ಪಿ. ಕಡಿಮೆ, ಡ್ರೈ ವೇಟ್ ತಲುಪಿದೆ.’

ಈ ಸಾಲಿನ ಕೊನೆಯ ಭಾಗವೇ ತಪ್ಪು. ಡಯಾಲಿಸಿಸ್ ನೀರನ್ನು ತೆಗೆಯುವುದು ರಕ್ತನಾಳದೊಳಗಿನಿಂದ. ಕಾಲಿನಲ್ಲೋ ಶ್ವಾಸಕೋಶದಲ್ಲೋ ನಿಂತ ನೀರು ಆ ಖಾಲಿಯಾದ ಜಾಗಕ್ಕೆ ಹರಿದು ಬರಬೇಕು, ಅದಕ್ಕೆ ಹೊತ್ತು ಬೇಕು. ತೆಗೆಯುವ ವೇಗ ಹೆಚ್ಚಿದರೆ, ರಕ್ತನಾಳದಲ್ಲಿ ನೀರನ್ನು ಹಿಡಿದಿಡುವ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿದ್ದರೆ, ಬೆಳಿಗ್ಗೆಯೇ ಬಿ.ಪಿ. ಮಾತ್ರೆ ನುಂಗಿ ಬಂದಿದ್ದರೆ, ಸಕ್ಕರೆ ಕಾಯಿಲೆಯಿಂದ ನರಗಳು ಸೋತಿದ್ದರೆ, ಮೈತುಂಬ ನೀರಿದ್ದರೂ ರಕ್ತನಾಳ ಬರಿದಾಗುತ್ತದೆ. ಮೇಷ್ಟರಲ್ಲಿ ಈ ನಾಲ್ಕೂ ಇದ್ದವು. ಬಾವಿಯ ತಳದಲ್ಲಿ ಒರತೆ ಇದ್ದರೂ ಎಳೆಯುವ ಭರಕ್ಕೆ ಕೊಡ ಬರಿದೇ ಮೇಲೆ ಬಂದಂತೆ.

ಸೆಳೆತಕ್ಕೆಂದು ಇನ್ನೊಂದು ‘ಪರಿಹಾರ’ವನ್ನೂ ಮಾಡಿದ್ದೆವು. ಡಯಾಲಿಸಿಸ್ ದ್ರಾವಣದ ಸೋಡಿಯಂ ಅನ್ನು 138ರಿಂದ 142ಕ್ಕೆ ಏರಿಸಿದ್ದೆವು. ಸೆಳೆತ ಎರಡು ವಾರ ತಗ್ಗಿತು. ಆದರೆ ಆ ಸೋಡಿಯಂ ಮೈಗೆ ಸೇರಿ ಬಾಯಾರಿಕೆ ಹೆಚ್ಚಿತು, ಎರಡು ಕೆಜಿ ಏರುತ್ತಿದ್ದವರು ಮೂರು ಕೆಜಿ ಏರತೊಡಗಿದರು. ಎರಡು ದಿನದ ಬಿಡುವಿನ ನಂತರದ ಸೋಮವಾರ 3.4 ಕೆಜಿ. ನಾಲ್ಕು ಗಂಟೆಯಲ್ಲಿ ಅಷ್ಟು ತೆಗೆಯಬೇಕೆಂದರೆ ಪ್ರತಿ ಕೆಜಿ ದೇಹತೂಕಕ್ಕೆ ಗಂಟೆಗೆ 13 ಮಿಲಿಲೀಟರ್ ದಾಟುತ್ತದೆ. ಅದನ್ನು ಮೀರಿದ ವೇಗ ಹೃದಯಕ್ಕೆ ಒಳ್ಳೆಯದಲ್ಲ ಎಂಬುದು ಡಯಾಲಿಸಿಸ್ ಮಂದಿಗೆಲ್ಲ ತಿಳಿದ ವಿಷಯ. ‘ನೀರು ಕಡಿಮೆ ಕುಡಿಯಿರಿ’ ಎಂದು ಅವರನ್ನೇ ಗದರಿಸಿದೆವು. ಬಾಯಾರಿಕೆಯನ್ನು ನಾವೇ ಕೊಟ್ಟು ಕುಡಿದದ್ದಕ್ಕೆ ಅವರನ್ನು ಬೈಯುವುದೆಂದರೆ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಇನ್ನೂ ಒಂದು ಎಡವಟ್ಟು ಬಾಕಿ ಇದೆ. ತಿಂಗಳ ರಕ್ತಪರೀಕ್ಷೆಯಲ್ಲಿ ಡಯಾಲಿಸಿಸ್‌ಗೆ ಮುಂಚಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ 9.8ರಿಂದ 7.1ಕ್ಕೆ ಇಳಿದಿತ್ತು. ‘ಡಯಾಲಿಸಿಸ್ ಚೆನ್ನಾಗಿ ಆಗುತ್ತಿದೆ ಮೇಷ್ಟರೇ’ ಎಂದು ನಾನು ಅವರ ಬೆನ್ನು ತಟ್ಟಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಮೂತ್ರಪಿಂಡ ನಿಂತ ರೋಗಿಯಲ್ಲಿ, ಡಯಾಲಿಸಿಸ್ ಕ್ರಮ ಬದಲಾಗದೆ ಅದು ಇಳಿದರೆ ಮೊದಲು ಕೇಳಬೇಕಾದದ್ದು ಮಾಂಸ ಎಲ್ಲಿ ಹೋಯಿತು ಎಂದು. ಅಲ್ಬುಮಿನ್ 3.9ರಿಂದ 3.1ಕ್ಕೆ ಬಿದ್ದಿದ್ದೂ ಅದೇ ಹಾಳೆಯಲ್ಲಿತ್ತು.

ಬೆಲ್ಟು ಮತ್ತು ಕಾಲುಚೀಲ

ಪ್ರಕರಣ ತಿರುಗಿದ್ದು ಒಬ್ಬ ಕಿರಿಯ ಟೆಕ್ನಿಷಿಯನ್ ಕಣ್ಣಿನಿಂದ. ತೂಕದ ಯಂತ್ರದ ಮೇಲೆ ನಿಲ್ಲುವ ಮುನ್ನ ಮೇಷ್ಟರು ಬೆಲ್ಟು ಬಿಚ್ಚಿ ಕುರ್ಚಿಯ ಮೇಲಿಟ್ಟರು. ಬೆಲ್ಟಿನಲ್ಲಿ ಕಾರ್ಖಾನೆಯ ಐದು ತೂತುಗಳ ಆಚೆ, ಮೊಳೆಯಿಂದ ಚುಚ್ಚಿದ ಇನ್ನೊಂದು ತೂತು. ಅದರ ಅಂಚು ಇನ್ನೂ ಸವೆದಿರಲಿಲ್ಲ. ಪ್ಯಾಂಟು ಸೊಂಟದ ಬಳಿ ನೆರಿಗೆಗಟ್ಟಿತ್ತು. ಕೈಗಡಿಯಾರ ಮೊಣಕೈಯತ್ತ ಜಾರುತ್ತಿತ್ತು. ಕಾಲುಚೀಲ ತೆಗೆದಾಗ ಮಾತ್ರ ಅದರ ಪಟ್ಟಿಯ ಗುರುತು ಕಣಕಾಲಿನಲ್ಲಿ ಬೆರಳು ಇಳಿಯುವಷ್ಟು ಆಳಕ್ಕೆ ಅಚ್ಚಾಗಿತ್ತು.

‘ಸರ್, ಮೇಷ್ಟರು ಸಣ್ಣಗಾಗಿದ್ದಾರೆ, ಆದರೆ ತೂಕ ಹಾಗೇ ಇದೆ. ಅದು ಹೇಗೆ?’ ಎಂದು ಆ ಹುಡುಗಿ ಕೇಳಿದಳು. ಆರು ವಾರ ನಾನು ಕೇಳದೆ ಉಳಿದ ಪ್ರಶ್ನೆ ಅದು.

ಆ ದಿನವೇ ದೇಹದ ನೀರು ಅಳೆಯಲು ನಿರ್ಧರಿಸಿದೆವು. ಬಯೋಇಂಪಿಡೆನ್ಸ್ ಯಂತ್ರ ಘಟಕದಲ್ಲಿತ್ತು, ಆದರೆ ಹೊಸತರಲ್ಲಿ ಎಲ್ಲರನ್ನೂ ಒಮ್ಮೆ ಅಳೆದು ಕಪಾಟಿಗೆ ಸೇರಿಸಿದ್ದೆವು. ತತ್ವ ಸರಳ. ಕೈಗೆ ಎರಡು, ಕಾಲಿಗೆ ಎರಡು ಪಟ್ಟಿ ಅಂಟಿಸಿ, ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಬೇರೆ ಬೇರೆ ಆವರ್ತನಗಳಲ್ಲಿ, ಅಂದರೆ 5ರಿಂದ 1000 ಕಿಲೋಹರ್ಟ್ಸ್‌ವರೆಗೆ ಹರಿಸುತ್ತಾರೆ. ಕಡಿಮೆ ಆವರ್ತನದ ವಿದ್ಯುತ್ತು ಜೀವಕೋಶದ ಪೊರೆ ದಾಟಲಾರದೆ ಹೊರಗಿನ ನೀರಿನಲ್ಲಷ್ಟೇ ಹರಿಯುತ್ತದೆ. ಹೆಚ್ಚಿನದು ಪೊರೆಯನ್ನೂ ದಾಟುತ್ತದೆ. ಎರಡರ ವ್ಯತ್ಯಾಸದಿಂದ ಕೋಶದ ಒಳಗೆಷ್ಟು ನೀರು, ಹೊರಗೆಷ್ಟು ಎಂದು ಲೆಕ್ಕ ಸಿಗುತ್ತದೆ. ಸ್ನಾಯು ಮತ್ತು ಕೊಬ್ಬಿನಲ್ಲಿ ಸಹಜವಾಗಿ ಇರಬೇಕಾದಷ್ಟು ನೀರನ್ನು ಕಳೆದು ಉಳಿದದ್ದನ್ನು ಯಂತ್ರ ‘ಹೆಚ್ಚುವರಿ’ ಎಂದು ತೋರಿಸುತ್ತದೆ. ಆರೋಗ್ಯವಂತರಲ್ಲಿ ಇದು ಬಹುಮಟ್ಟಿಗೆ ಸೊನ್ನೆಯ ಆಚೀಚೆ 1.1 ಲೀಟರ್ ಒಳಗೆ.

ಅಳತೆಯ ಶಿಸ್ತು ಮುಖ್ಯ. ಡಯಾಲಿಸಿಸ್‌ಗೆ ಮುನ್ನ, ಮಲಗಿಸಿ ಕೆಲವು ನಿಮಿಷ ಬಿಟ್ಟು, ಫಿಸ್ಟುಲಾ ಇಲ್ಲದ ಬದಿಯಲ್ಲಿ, ಪ್ರತಿ ಸಲ ಅದೇ ಜಾಗದಲ್ಲಿ ಪಟ್ಟಿ ಅಂಟಿಸಿ ಮಾಡಬೇಕು. ಪೇಸ್‌ಮೇಕರ್ ಇದ್ದವರಿಗೆ ಇದು ಬೇಡ. ಕಾಲು ಕತ್ತರಿಸಿದವರಲ್ಲಿ ಲೆಕ್ಕ ತಪ್ಪುತ್ತದೆ. ಹೊಟ್ಟೆಯೊಳಗೆ ನಿಂತ ನೀರನ್ನಂತೂ ಇದು ಸರಿಯಾಗಿ ಕಾಣಲಾರದು. ಮೇಷ್ಟರನ್ನು ಎರಡು ಬೇರೆ ದಿನ ಅಳೆದೆವು, ಎರಡೂ ಸಲ ಫಲಿತಾಂಶ ಹೊಂದಿಕೆಯಾಯಿತು.

ತೂಕ 67.0. ಹೆಚ್ಚುವರಿ ನೀರು 5 ಲೀಟರ್. ಕೋಶಗಳ ಹೊರಗಿನ ಒಟ್ಟು ನೀರು 20.5 ಲೀಟರ್ ಇತ್ತು, ಅಂದರೆ ಅದರ ಶೇಕಡಾ 24 ಭಾಗ ಇರಬಾರದ ನೀರು. ಈ ಪ್ರಮಾಣ ಶೇಕಡಾ 15 ದಾಟಿದ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. 67ರಲ್ಲಿ 5 ಕಳೆದರೆ 62. ನಾವು 64ಕ್ಕೆ ಇಳಿಸಿ ‘ಮುಗಿಯಿತು’ ಎಂದು ಕಳುಹಿಸುತ್ತಿದ್ದಾಗಲೆಲ್ಲ ಅವರು ಎರಡು ಲೀಟರ್ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು.

ಕಪಾಟಿನಿಂದ ಹಳೆಯ ಹಾಳೆ ತೆಗೆದೆವು. ಹತ್ತು ತಿಂಗಳ ಹಿಂದೆ ಸ್ನಾಯು ಮುಂತಾದ ಕೊಬ್ಬಿಲ್ಲದ ಅಂಗಾಂಶ 38.5 ಕೆಜಿ, ಈಗ 36.2. ಕೊಬ್ಬಿನ ಅಂಗಾಂಶ ಹೆಚ್ಚುಕಡಿಮೆ ಅಷ್ಟೇ. ಎರಡು ಕೆಜಿಗೂ ಮಿಕ್ಕಿ ಮಾಂಸ ಕರಗಿತ್ತು. ಆ ಜಾಗದಲ್ಲಿ ನೀರು ಕುಳಿತಿತ್ತು.

ಯಂತ್ರ ಹೇಳಿತೆಂದು ಅಷ್ಟಕ್ಕೇ ನಿಲ್ಲಲಿಲ್ಲ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸಿದೆವು: ಹೃದಯದ ಪಂಪು ಸರಿಯಿತ್ತು, ಹೃದಯದ ಸುತ್ತ ನೀರಿರಲಿಲ್ಲ. ಇದನ್ನು ನೋಡದೆ ಮುಂದೆ ಹೋಗಬಾರದು, ಏಕೆಂದರೆ ಡಯಾಲಿಸಿಸ್ ನಡುವೆ ರಕ್ತದೊತ್ತಡ ಬೀಳಲು ಹೃದಯವೂ ಕಾರಣವಾಗಬಹುದು. ಶ್ವಾಸಕೋಶದ ಅಲ್ಟ್ರಾಸೌಂಡ್‌ನಲ್ಲಿ ನೀರು ಸೂಚಿಸುವ ಉದ್ದ ಬಿಳಿ ಗೆರೆಗಳು ಎರಡೂ ಬದಿ ಕಂಡವು. ದಿಂಬಿನ ಲೆಕ್ಕಕ್ಕೆ ಉತ್ತರ ಅಲ್ಲಿತ್ತು.

ಮಾಡಿದ್ದು, ಕೆಡಿಸಿದ್ದು, ಮತ್ತೆ ಮಾಡಿದ್ದು

62 ಎಂಬ ಅಂಕಿ ಸಿಕ್ಕಿದ ಉತ್ಸಾಹದಲ್ಲಿ ನಾನು ಮುಂದಿನ ಡಯಾಲಿಸಿಸ್‌ನಲ್ಲೇ ಗುರಿಯನ್ನು ಒಂದು ಕೆಜಿ ಇಳಿಸಿದೆ. ಎರಡೂಮುಕ್ಕಾಲು ಗಂಟೆಗೆ ರಕ್ತದೊತ್ತಡ 80/50. ವಾಂತಿ, ಕಣ್ಣು ಕತ್ತಲೆ, ಕಾಲು ಮೇಲೆತ್ತಿ ಮಲಗಿಸಿ ಸಲೈನ್. ಆ ದಿನ ಎಂದಿಗಿಂತ ಹೆಚ್ಚು ತೂಕ ಹೊತ್ತು ಮನೆಗೆ ಹೋದರು. ಅದಕ್ಕಿಂತ ದೊಡ್ಡ ನಷ್ಟ ನಂಬಿಕೆಯದು. ‘ಡಾಕ್ಟರೇ, 64ರ ಕೆಳಗೆ ನನ್ನಿಂದ ಆಗುವುದಿಲ್ಲ. ನಿಮ್ಮ ಯಂತ್ರಕ್ಕೆ ಬೇಕಾದರೆ ಅದನ್ನೇ ಇಳಿಸಿಕೊಳ್ಳಿ’ ಎಂದರು. ಮುಂದಿನ ಸಲ ನೀರು ತೆಗೆಯುವ ಪ್ರಮಾಣವನ್ನು ತಾವೇ ನೋಡಿ ಒಪ್ಪಿದ ಮೇಲಷ್ಟೇ ಸೂಜಿ ಹಾಕಲು ಬಿಟ್ಟರು.

ಅಳತೆ ಹೇಳುವುದು ಎಲ್ಲಿಗೆ ಹೋಗಬೇಕೆಂದು; ಎಷ್ಟು ದಿನದಲ್ಲಿ ಎಂದಲ್ಲ. ಡ್ರೈ ವೇಟ್ ಇಳಿಸಿ ರಕ್ತದೊತ್ತಡ ತಗ್ಗಿಸುವ ಬಗ್ಗೆ 2009ರಲ್ಲಿ ಪ್ರಕಟವಾದ ‘ಡ್ರಿಪ್’ (DRIP) ಎಂಬ ಪ್ರಯೋಗದಲ್ಲಿ ಪ್ರತಿ 10 ಕೆಜಿ ದೇಹತೂಕಕ್ಕೆ 0.1 ಕೆಜಿಯಂತೆ ಇಳಿಸಿ, ತಡೆಯದವರಿಗೆ ಅದನ್ನು ಅರ್ಧರ್ಧ ಮಾಡುತ್ತ 0.2 ಕೆಜಿವರೆಗೂ ತಗ್ಗಿಸಿದ್ದರು. ಮೇಷ್ಟರು ತಡೆಯದವರ ಪೈಕಿ. ಆದ್ದರಿಂದ ಪ್ರತಿ ಸಲಕ್ಕೆ 0.2, ಅದೂ ಅವರು ಹೂಂ ಎಂದ ದಿನ ಮಾತ್ರ.

ಅದಕ್ಕಿಂತ ಮೊದಲು ದಾರಿ ಸುಗಮ ಮಾಡಬೇಕಿತ್ತು. ಸೋಡಿಯಂ ಅನ್ನು 138ಕ್ಕೆ ಮರಳಿಸಿದೆವು. ದ್ರಾವಣದ ಉಷ್ಣತೆಯನ್ನು 37ರಿಂದ 36 ಡಿಗ್ರಿಗೆ ಇಳಿಸಿದೆವು; ಸ್ವಲ್ಪ ತಂಪಾದಾಗ ರಕ್ತನಾಳಗಳು ಬಿಗಿಯಾಗಿ ರಕ್ತದೊತ್ತಡ ನಿಲ್ಲುತ್ತದೆ. ಚಳಿ ಎಂದು ದೂರಿದರು, ಹೊದಿಕೆ ಕೊಟ್ಟೆವು. ಬಿ.ಪಿ. ಮಾತ್ರೆಗಳನ್ನು ರಾತ್ರಿಗೆ ಸರಿಸಿದೆ. ಡಯಾಲಿಸಿಸ್ ನಡುವೆ ಊಟ ನಿಲ್ಲಿಸಿ, ಮುಗಿದ ಮೇಲೆ ಕೊಟ್ಟೆವು. ಉಂಡಾಗ ರಕ್ತ ಹೊಟ್ಟೆಯತ್ತ ಹರಿಯುತ್ತದೆ. ಅವಧಿಯನ್ನು ನಾಲ್ಕೂವರೆ ಗಂಟೆಗೆ ಏರಿಸಿದೆವು. ಎರಡು ವಾರ, ವಾರಕ್ಕೊಂದು ಹೆಚ್ಚುವರಿ ಡಯಾಲಿಸಿಸ್ ಕೂಡ. ಅರ್ಧ ಗಂಟೆ ಹೆಚ್ಚೆಂದರೆ ರೋಗಿಗೆ ಶಿಕ್ಷೆ, ಘಟಕದ ವೇಳಾಪಟ್ಟಿಗೆ ಇನ್ನೂ ದೊಡ್ಡ ಶಿಕ್ಷೆ. ಈ ಅರ್ಧ ಗಂಟೆಗಾಗಿ ನಾನು ನಡೆಸಿದಷ್ಟು ಜಗಳವನ್ನು ಯಾವ ಔಷಧಿಗೂ ನಡೆಸಿಲ್ಲ.

ಉಪ್ಪಿನ ಮಾತನ್ನು ಬೇರೆ ರೀತಿಯಲ್ಲಿ ಆಡಿದೆವು. ನೀರು ಬಿಡಿ ಎನ್ನುವ ಬದಲು, ‘8 ಗ್ರಾಂ ಉಪ್ಪು ತಿಂದರೆ ಮೈ ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾಯಾರಿಕೆ ಬರುವುದು ಅದರಿಂದ’ ಎಂದು ದಂಪತಿಗೆ ಆಹಾರತಜ್ಞೆ ಚಮಚ ಹಿಡಿದು ತೋರಿಸಿದರು. ಗಣಿತದ ಮೇಷ್ಟರಿಗೆ ಈ ಲೆಕ್ಕ ಹಿಡಿಸಿತು. ಇದು ಹೊಸ ವಿದ್ಯೆಯೇನಲ್ಲ. 1960ರಲ್ಲಿ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ದೀರ್ಘಕಾಲದ ಡಯಾಲಿಸಿಸ್ ಆರಂಭಿಸಿದಾಗ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಅವರ ತೀವ್ರ ರಕ್ತದೊತ್ತಡವನ್ನು ಹತೋಟಿಗೆ ತಂದದ್ದು ನೀರು ತೆಗೆದು ಉಪ್ಪು ಕಡಿಮೆ ಮಾಡಿಯೇ. ಮಾತ್ರೆಗಳು ಹೆಚ್ಚಾದಂತೆ ನಮಗೆ ಅದು ಮರೆಯುತ್ತದೆ.

ಮಾಂಸ ಮರಳಿ ಬರಬೇಕಲ್ಲ. ಪ್ರೋಟೀನ್ ದಿನಕ್ಕೆ ಪ್ರತಿ ಕೆಜಿಗೆ 1.0ರಿಂದ 1.2 ಗ್ರಾಂ ಮುಟ್ಟುವಂತೆ ಊಟ ಹೊಂದಿಸಿದರು. ದಿನಾ ಸ್ವಲ್ಪ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಸ್ನಾಯುಬಲ ತಿಳಿಯಲು ತಿಂಗಳಿಗೊಮ್ಮೆ ಮುಷ್ಟಿಯ ಬಿಗಿ ಅಳೆದೆವು.

ಐದು ವಾರದಲ್ಲಿ 62.2 ಮುಟ್ಟಿದರು. ಒಂದು ದಿಂಬಿಗೆ ಮರಳಿದ್ದು ಅದಕ್ಕೂ ಮೊದಲೇ. ರಕ್ತದೊತ್ತಡ ಮಾತ್ರ ಕೂಡಲೇ ಇಳಿಯಲಿಲ್ಲ. ನೀರು ಹೋದ ಮೇಲೂ ಅದು ವಾರಗಟ್ಟಲೆ ತಡಮಾಡುತ್ತದೆ. ಇನ್ನೊಂದು ಮಾತ್ರೆ ಸೇರಿಸೋಣವೇ ಎಂದು ಕೈ ತುರಿಸಿತು, ತಡೆದುಕೊಂಡೆ. ಹತ್ತನೆಯ ವಾರದ ಹೊತ್ತಿಗೆ 144/82, ಮಾತ್ರೆ ಮೂರರಿಂದ ಒಂದಕ್ಕೆ.

ಎರಡನೆಯ ತಪ್ಪು

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಗೆಲುವಿನ ಕಥೆಯಾಗುತ್ತಿತ್ತು. ಆದರೆ ಚಾರ್ಟಿನಲ್ಲಿ 64.0 ಅಳಿಸಿ 62.0 ಎಂದು ಬರೆದಿದ್ದೆವು, ಮತ್ತೆ ಕೆಂಪು ಶಾಯಿಯಲ್ಲಿ, ಮತ್ತೆ ದಿನಾಂಕವಿಲ್ಲದೆ. ಕಷ್ಟಪಟ್ಟು ಗಳಿಸಿದ ಅಂಕಿ ಎಂದು ಅದರ ಮೇಲೆ ಎಲ್ಲರಿಗೂ ಮೋಹ. ಅತ್ತ ಮೇಷ್ಟರಿಗೆ ಹಸಿವು ಮರಳಿತ್ತು, ಚೆನ್ನಾಗಿ ಉಣ್ಣುತ್ತಿದ್ದರು, ದಿನಾ ನಡೆಯುತ್ತಿದ್ದರು.

ನಾಲ್ಕನೆಯ ತಿಂಗಳಲ್ಲಿ ಸೆಳೆತ ಮರುಕಳಿಸಿತು. ಡಯಾಲಿಸಿಸ್ ಮುಗಿದಾಗ ರಕ್ತದೊತ್ತಡ 96. ಧ್ವನಿ ಒಡೆದಂತೆ ಕೇಳುತ್ತಿತ್ತು. ಮರುದಿನ ಪೂರ್ತಿ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ಹಿಂದಿನ ಅನುಭವದಿಂದ ನಾವು ಕಲಿತ ಪಾಠ ‘ಸೆಳೆತ ಬಂದರೆ ಡ್ರೈ ವೇಟ್ ಮುಟ್ಟಿದೆ ಎಂದಲ್ಲ’ ಎಂಬುದು. ಅದನ್ನೇ ಇಲ್ಲಿಗೂ ಅನ್ವಯಿಸಿದೆವು. ಈ ಸಲ ಅದು ನಿಜವಾಗಿಯೂ ದಾಟಿಹೋಗಿತ್ತು. ಒಂದು ಸಂಜೆ ಫಿಸ್ಟುಲಾದ ಮಿಡಿತ ಬೆರಳಿಗೆ ಸಿಗದಷ್ಟು ಕ್ಷೀಣಿಸಿತು. ಸಲೈನ್ ಕೊಟ್ಟ ಮೇಲೆ ಮರಳಿತು. ಹೆಪ್ಪುಗಟ್ಟಿ ಮುಚ್ಚಿಹೋಗಿದ್ದರೆ ಮೂರು ವರ್ಷ ಕಾಪಾಡಿದ ಫಿಸ್ಟುಲಾ ಹೋಗುತ್ತಿತ್ತು.

ಮರುಸಲ ಡಯಾಲಿಸಿಸ್‌ಗೆ ಮುನ್ನ ಅಳೆದೆವು. ತೂಕ 64.1, ಹೆಚ್ಚುವರಿ ನೀರು 0.3 ಲೀಟರ್ ಅಷ್ಟೇ. ಸ್ನಾಯು ಮುಂತಾದದ್ದು 37.6ಕ್ಕೆ ಏರಿತ್ತು. 64.1ರಲ್ಲಿ 0.3 ಕಳೆದರೆ 63.8, ಅಂದರೆ ಬಂದಾಗಲೇ ಅವರು ಬಹುತೇಕ ಸರಿಯಾದ ತೂಕದಲ್ಲಿದ್ದರು. 62ಕ್ಕೆ ಇಳಿಸುವುದೆಂದರೆ ಸುಮಾರು 1.8 ಲೀಟರ್ ಒಣಗಿಸಿ ಕಳುಹಿಸುವುದು. ಆರೋಗ್ಯವಂತರ ಕೆಳಮಿತಿಗಿಂತಲೂ ಕೆಳಗೆ. ಕಷ್ಟಪಟ್ಟು ಕಟ್ಟಿಕೊಂಡ ಮಾಂಸವನ್ನು ನಾವು ನೀರೆಂದು ಎಣಿಸಿ, ಅದರ ಲೆಕ್ಕಕ್ಕೆ ನೀರು ಹಿಂಡುತ್ತಿದ್ದೆವು.

ಎರಡು ಸಲ ಬಂದ ಸೆಳೆತಕ್ಕೂ ಹೊರಗಿನ ಲಕ್ಷಣ ಒಂದೇ. ಹಿಂದಿರುಗಿ ನೋಡಿದಾಗ ವ್ಯತ್ಯಾಸ ಇದ್ದದ್ದು ಬೇರೆ ಕಡೆ: ಮೊದಲ ಸಲ ಡಯಾಲಿಸಿಸ್‌ಗೆ ಮುನ್ನ ರಕ್ತದೊತ್ತಡ 170, ಕ್ರಿಯಾಟಿನಿನ್ ಇಳಿಮುಖ, ಊಟ ಇಲ್ಲ, ಕಣಕಾಲಿನಲ್ಲಿ ಅಚ್ಚು. ಎರಡನೆಯ ಸಲ ಮೊದಲೇ 130ರ ಒಳಗೆ, ಕ್ರಿಯಾಟಿನಿನ್ ಏರುಮುಖ, ಹಸಿವು ಚೆನ್ನ, ಕಾಲು ಒಣಗಿತ್ತು. ಯಂತ್ರವಿಲ್ಲದ ಘಟಕದಲ್ಲೂ ಇವಿಷ್ಟನ್ನು ಒಟ್ಟಿಗೆ ನೋಡಿದರೆ ಎತ್ತ ಹೋಗಬೇಕೆಂದು ಬಹುಮಟ್ಟಿಗೆ ತಿಳಿಯುತ್ತದೆ. ಎಷ್ಟು ದೂರ ಎಂಬುದಕ್ಕೆ ಮಾತ್ರ ಅಳತೆ ನೆರವಾಯಿತು.

ಡ್ರೈ ವೇಟನ್ನು ಎರಡು ವಾರದಲ್ಲಿ ಹಂತ ಹಂತವಾಗಿ 63.5ಕ್ಕೆ ಏರಿಸಿದೆವು. ಪೂರ್ತಿ 63.8ಕ್ಕೆ ಏರಿಸಲಿಲ್ಲ. ಎರಡು ದಿನದ ಬಿಡುವಿನಲ್ಲಿ ಇವರು ಏರುವ ತೂಕಕ್ಕೆ ಸ್ವಲ್ಪ ಜಾಗ ಬಿಡುವುದು ಒಳ್ಳೆಯದೆಂದು ನನ್ನ ಅಂದಾಜು. ಬೇರೆಯವರು ಬೇರೆ ರೀತಿ ಯೋಚಿಸಬಹುದು. ಸೆಳೆತ ನಿಂತಿತು, ಧ್ವನಿ ಮರಳಿತು.

ಈಗ

ಘಟಕದ ಚಾರ್ಟಿನಲ್ಲಿ ಡ್ರೈ ವೇಟ್ ಪಕ್ಕ ದಿನಾಂಕದ ಕಾಲಂ ಬಂದಿದೆ. ಆಸ್ಪತ್ರೆಗೆ ಸೇರಿ ಮರಳಿದ ಪ್ರತಿಯೊಬ್ಬರ ಹಳೆಯ ಅಂಕಿಗೂ ಅಡ್ಡಗೆರೆ ಎಳೆದು, ಹೊಸದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ತೂಕ ನೋಡುವ ಜಾಗದಲ್ಲಿ ಟೆಕ್ನಿಷಿಯನ್ ಕೇಳುವ ಪ್ರಶ್ನೆ ಮೂರು: ಎಷ್ಟು ದಿಂಬು, ಊಟ ಹೇಗೆ, ಬಟ್ಟೆ ಸಡಿಲವೋ ಬಿಗಿಯೋ. ಮೂರನೆಯ ಪ್ರಶ್ನೆಯನ್ನು ಸೇರಿಸಿದ್ದು ಆ ಹುಡುಗಿಯೇ.

ಮೇಷ್ಟರ ಸೋಮವಾರದ ಏರಿಕೆ ಈಗಲೂ ಕೆಲವೊಮ್ಮೆ 3 ಕೆಜಿ ಮುಟ್ಟುತ್ತದೆ. ಉಪ್ಪಿನ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಕಳೆದ ತಿಂಗಳು ಅರ್ಧ ಕೆಜಿ ಹೆಚ್ಚಿದೆ, ಬೆಲ್ಟು ಮೊಳೆಯ ತೂತಿನಿಂದ ಐದನೆಯದಕ್ಕೆ ಬಂದಿದೆ. ಅದು ಮಾಂಸವೋ ಕೊಬ್ಬೋ ಬೆಲ್ಟಿಗೆ ಗೊತ್ತಾಗುವುದಿಲ್ಲ. ಮುಷ್ಟಿಯ ಬಿಗಿ ಮೂರು ತಿಂಗಳಿಂದ ಇದ್ದಲ್ಲೇ ಇದೆ. ಮುಂದಿನ ಬುಧವಾರ, ಸೂಜಿ ಹಾಕುವ ಮುನ್ನ, ಮತ್ತೆ ಅಳೆಯುತ್ತೇವೆ.